ಮಿದುಳಿನ ಕಾವಲುಗೋಡೆಯನ್ನು ಬಿಡಿಸಿ ನೋಡಿದವರು

ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಅಂದರೆ ಕಂಪವಾತದಲ್ಲಿ, ಮಿದುಳಿನೊಳಗೆ ಡೋಪಮೀನ್ ಎಂಬ ವಸ್ತು ಕಡಿಮೆಯಾಗುತ್ತದೆ. ಹಾಗಾದರೆ ರೋಗಿಗೆ ಡೋಪಮೀನನ್ನೇ ಚುಚ್ಚಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ರಕ್ತಕ್ಕೆ ಸೇರಿದ ಡೋಪಮೀನ್ ಮಿದುಳಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಆದ್ದರಿಂದ ವೈದ್ಯರು ಲೆವೊಡೋಪ ಕೊಡುತ್ತಾರೆ. ಅದು ಒಳಹೊಕ್ಕು ಡೋಪಮೀನ್ ಆಗಿ ಮಾರ್ಪಡುತ್ತದೆ. ಬೇಲಿಯಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ ಇದೇ ಲೆವೊಡೋಪವನ್ನು 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದರು. ಒಂದನ್ನು ತಡೆದು ಇನ್ನೊಂದನ್ನು ಬಿಡುವ ಆ ಕಾವಲುಗಾರ ಯಾರು? ಅವನನ್ನು ಹುಡುಕಿದ ಇತಿಹಾಸ ಒಂದು ಶತಮಾನಕ್ಕೂ ಹಿರಿದು.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಸೇರಿಸಿ ಪರೀಕ್ಷಿಸಿದರು. ದೇಹದ ಉಳಿದೆಲ್ಲ ಅಂಗಗಳಿಗೆ ಬಣ್ಣ ಹತ್ತಿತು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿಗೆ ಬಣ್ಣ ಹಿಡಿಯುವ ಗುಣವಿಲ್ಲ ಎಂದು ಅವರು ಭಾವಿಸಿದರು. ಅವರ ಬಳಿ ದುಡಿದಿದ್ದ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ಮಿದುಳನ್ನು ಸುತ್ತುವರಿದ ದ್ರವಕ್ಕೇ ಸೇರಿಸಿದರು. ಈ ಸಲ ಮಿದುಳಿಗೆ ಬಣ್ಣ ಹತ್ತಿತು, ಉಳಿದ ದೇಹಕ್ಕೆ ಹತ್ತಲಿಲ್ಲ! ನಡುವೆ ಒಂದು ಗೋಡೆ ಇದೆ ಎಂಬುದು ಖಚಿತವಾಯಿತು. ಆ ಗೋಡೆ ಯಾವುದೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1967ರಲ್ಲಿ ಅಮೆರಿಕದ ರೀಸ್ ಮತ್ತು ಕಾರ್ನೋವ್ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡರು. ಮಿದುಳಿನ ಲೋಮನಾಳಗಳ ಒಳಪದರದ ಜೀವಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿದ್ದವು.

ಈ ಲೋಮನಾಳಗಳು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು. ಆದರೆ ಒಬ್ಬ ಮನುಷ್ಯನ ಮಿದುಳಿನಲ್ಲಿರುವ ಅವುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಉದ್ದವಾದೀತೆಂದು ಅಂದಾಜು. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಿಂದ ಬೆಂಗಳೂರಿನವರೆಗೆ ಹಾಸಿದರೂ ಮಿಗುತ್ತದೆ. ಇಷ್ಟಾಗಿಯೂ ಮಿದುಳಿನ ರಾಶಿಯಲ್ಲಿ ಅವು ತೀರಾ ಸಣ್ಣ ಪಾಲು. ಅವುಗಳನ್ನಷ್ಟೇ ಹೆಕ್ಕಿ ತೆಗೆಯುವುದು ಹೇಗೆ?

ಹನುಮಸಾಗರದ ರೈತರಿಗೆ ಇದರ ಮರ್ಮ ಬೇಗ ಅರ್ಥವಾಗುತ್ತದೆ. ಕಣದಲ್ಲಿ ಜೋಳವನ್ನು ಗಾಳಿಗೆ ತೂರಿದರೆ ಹೊಟ್ಟು ಹಾರುತ್ತದೆ, ಕಾಳು ಕೆಳಗೆ ಬೀಳುತ್ತದೆ. ಬಳಿಕ ಸಾಣಿಗೆ ಹಿಡಿದರೆ ಸಣ್ಣ ಕಸ ಉದುರಿ ಕಾಳು ಮೇಲೆ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ನಡೆಯುವುದೂ ಇಂಥದ್ದೇ. ಇಲಿ ಅಥವಾ ದನದ ಮಿದುಳಿನ ಹೊರಪೊರೆಯನ್ನು ಸುಲಿದು, ಉಳಿದುದನ್ನು ಸಣ್ಣಗೆ ಕತ್ತರಿಸಿ, ಮಂದವಾದ ದ್ರವದಲ್ಲಿ ಕಲಸಿ, ಯಂತ್ರದಲ್ಲಿ ರಭಸವಾಗಿ ತಿರುಗಿಸುತ್ತಾರೆ. ಮಿದುಳಿನ ಕೊಬ್ಬಿನಂಶ ಬೆಣ್ಣೆಯಂತೆ ಮೇಲೆ ತೇಲುತ್ತದೆ, ರಕ್ತನಾಳದ ತುಣುಕುಗಳು ತಳ ಸೇರುತ್ತವೆ. ಅವನ್ನು ನೈಲಾನ್ ಜರಡಿಯಲ್ಲಿ ಸೋಸಿದರೆ ಬಿಡಿ ಕೋಶಗಳು ಕೆಳಗಿಳಿದು, ನಾಳಗಳು ಮೇಲುಳಿಯುತ್ತವೆ. 1969ರಲ್ಲಿ ಸಿಯಾಕೋಟೋಸ್ ಮತ್ತು ಸಂಗಡಿಗರು, 1973ರಲ್ಲಿ ಹಂಗೇರಿಯ ಫೆರೆಂಟ್ಸ್ ಯೋ ಮತ್ತು ಕರ್ನುಶಿನಾ ನಾಳಗಳನ್ನು ಬೇರ್ಪಡಿಸುವ ವಿಧಾನಗಳನ್ನು ಪ್ರಕಟಿಸಿದರು.

ಮುಂದಿನ ಹೆಜ್ಜೆ ಆ ನಾಳಗಳನ್ನು ಕಿಣ್ವಗಳಿಂದ ಸಡಿಲಿಸಿ, ಒಳಪದರದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು. 1978ರಲ್ಲಿ ಪನುಲಾ, ಯೋ ಮತ್ತು ರೆಖಾರ್ಟ್ ಇಲಿಯ ಮಿದುಳಿನಿಂದ ಪಡೆದ ಇಂಥ ಕೋಶಗಳು ತಟ್ಟೆಯಲ್ಲಿ ಬದುಕಿರುವುದನ್ನು ವರದಿ ಮಾಡಿದರು. ಕಾವಲುಗಾರ ಕೈಗೆ ಸಿಕ್ಕನೆಂದೇ ತೋರಿತು. ಆದರೆ ಆದದ್ದೇ ಬೇರೆ. ಒಂಟಿಯಾಗಿ ಬೆಳೆದ ಕೋಶಗಳು ದಿನಗಳೆದಂತೆ ತಮ್ಮ ಕಾವಲಿನ ವಿದ್ಯೆಯನ್ನೇ ಮರೆಯುತ್ತಿದ್ದವು!

ಯಾಕೆ ಹೀಗೆ? ಲೋಮನಾಳ ಒಂಟಿಯಲ್ಲ. ಅದನ್ನು ಹೊರಗಿನಿಂದ ತಬ್ಬಿಕೊಂಡಿರುವ ಪೆರಿಸೈಟ್ ಎಂಬ ಕೋಶವಿದೆ. ಅದನ್ನು 1873ರಲ್ಲಿ ಫ್ರಾನ್ಸಿನ ರೂಜೆ ವರ್ಣಿಸಿದ್ದರು, ಆ ಹೆಸರಿಟ್ಟವರು 1923ರಲ್ಲಿ ಜಿಮ್ಮರ್‌ಮನ್. ಅದರಾಚೆ ನಕ್ಷತ್ರದಂತೆ ಕೈಚಾಚಿ, ಪಾದಗಳನ್ನು ನಾಳಕ್ಕೆ ಊರಿರುವ ಆಸ್ಟ್ರೋಸೈಟ್ ಕೋಶಗಳಿವೆ. 1980ರಲ್ಲಿ ಡಿಬಾಲ್ಟ್ ಮತ್ತು ಕ್ಯಾನ್ಸಿಲಾ ಒಂಟಿ ಕೋಶಗಳಿಗೆ ಈ ಬಗೆಯ ಆಸರೆಕೋಶಗಳ ಜೊತೆ ಕೊಟ್ಟಾಗ, ಕಳೆದುಹೋಗಿದ್ದ ಒಂದು ಕಿಣ್ವ ಮತ್ತೆ ಕಾಣಿಸಿತು. ಅದೇ ವರ್ಷ ಮೆಕಾರ್ಥಿ ಮತ್ತು ಡಿ ವೆಲ್ಲಿಸ್ ಆಸ್ಟ್ರೋಸೈಟ್‌ಗಳನ್ನು ಬೇರ್ಪಡಿಸುವ ಸರಳ ಉಪಾಯ ತಿಳಿಸಿದರು. ಎಳೆಯ ಇಲಿಯ ಮಿದುಳಿನ ಕೋಶಗಳನ್ನು ಬೆಳೆಸಿದ ಸೀಸೆಯನ್ನು ರಾತ್ರಿಯಿಡೀ ಅಲುಗಾಡಿಸಿದರೆ ಮೇಲೆ ಕೂತ ಇತರ ಕೋಶಗಳು ಕಳಚಿಕೊಳ್ಳುತ್ತವೆ, ತಳಕ್ಕೆ ಅಂಟಿದ ಆಸ್ಟ್ರೋಸೈಟ್‌ಗಳು ಉಳಿಯುತ್ತವೆ. ನಾಳದ ಕೋಶಗಳ ನಡುವೆ ಬೆರೆತ ಪೆರಿಸೈಟ್‌ಗಳನ್ನು ನಿವಾರಿಸಲು 2005ರಲ್ಲಿ ಫ್ರಾನ್ಸಿನ ಪೆರಿಯೇರ್ ತಂಡ ಪ್ಯೂರೋಮೈಸಿನ್ ಎಂಬ ವಿಷವಸ್ತುವನ್ನೇ ಬಳಸಿತು. ಮಿದುಳುನಾಳದ ಕೋಶ ಆ ವಿಷವನ್ನು ಹೊರದಬ್ಬಿ ಬದುಕುತ್ತದೆ, ಉಳಿದವು ಸಾಯುತ್ತವೆ. 2010ರಲ್ಲಿ ಎರಡು ತಂಡಗಳು ಪೆರಿಸೈಟ್ ಕೊರತೆಯಿರುವ ಇಲಿಗಳಲ್ಲಿ ಗೋಡೆ ಸೋರುವುದನ್ನು ತೋರಿಸಿದವು. ಬಿಡಿಸಿದಾಗ ಒಬ್ಬೊಬ್ಬರ ಗುಣ ತಿಳಿಯಿತು, ಗೋಡೆಯ ಬಲವಿರುವುದು ಮಾತ್ರ ನೆರೆಹೊರೆಯಲ್ಲಿ ಎಂಬುದು ಈ ಇತಿಹಾಸದ ಪಾಠ.

ನಮ್ಮ ನಾಡಿಗೂ ಈ ವಿದ್ಯೆ ಹೊರತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದುಡಿದು, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್‌ನ ಲಕ್ಷಣವಿದ್ದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ಕೊಡಲಾಗಿತ್ತು. ಮಿದುಳಿನಲ್ಲಿ ಕೂಡಿದ್ದ ಅಮೈಲಾಯ್ಡ್ ತಗ್ಗಿತು. ಅದನ್ನು ಹೊರಸಾಗಿಸಿದವರು ಯಾರು? ಅದಕ್ಕೆ ನೆರವಾಗುವ ಎಲ್‌ಆರ್‌ಪಿ ಎಂಬ ಪ್ರೋಟೀನು ಮೊದಲು ಹೆಚ್ಚಿದ್ದು ಯಕೃತ್ತಿನಲ್ಲಿ. ಮಿದುಳಿನ ಕಿರುನಾಳಗಳಲ್ಲಿ ಅದು ಹೆಚ್ಚಿದ್ದು ತಡವಾಗಿ, ಅಮೈಲಾಯ್ಡ್ ಇಳಿದ ಮೇಲೆ. ನಾಳಗಳನ್ನು ಪ್ರತ್ಯೇಕವಾಗಿ ನೋಡದಿದ್ದರೆ ಈ ಹಿಂದುಮುಂದು ತಿಳಿಯುತ್ತಿರಲಿಲ್ಲ. ಆದರೆ ಇದು ಇಲಿಗಳ ಮಾತು. ಇದನ್ನೋದಿ ಮನೆಯ ಹಿರಿಯರಿಗೆ ಅಶ್ವಗಂಧವನ್ನಾಗಲಿ, ನಸುಗುನ್ನಿಯನ್ನಾಗಲಿ ನೀವಾಗಿಯೇ ಕೊಡಬೇಡಿ.

ಇಲಿಯ ಗೋಡೆ ಮನುಷ್ಯನ ಗೋಡೆಯ ಪಡಿಯಚ್ಚಲ್ಲ. ಮನುಷ್ಯರ ಕಾಯಿಲೆಯನ್ನು ಅರಿಯಲು ಮನುಷ್ಯರ ಮಿದುಳೇ ಬೇಕು. ಅದಕ್ಕಾಗಿ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಿದುಳು ಬ್ಯಾಂಕ್ ಆರಂಭವಾಯಿತು. ಮರಣಾನಂತರ ಬಂಧುಗಳು ಒಪ್ಪಿ ಕೊಟ್ಟ ಮಿದುಳುಗಳನ್ನು ಅಲ್ಲಿ ಕಾದಿಟ್ಟು ಸಂಶೋಧಕರಿಗೆ ಒದಗಿಸುತ್ತಾರೆ. ಕಣ್ಣುದಾನದ ಮಾತು ಈಗ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಮಿದುಳಿನ ದಾನ ಇನ್ನೂ ಹೊಸದು. ಹನುಮಸಾಗರದ ಒಂದು ಮನೆಯಲ್ಲಿ ಕೈ ನಡುಗುವ ಅಜ್ಜನಿಗೆ, ಮಗಳ ಹೆಸರನ್ನೇ ಮರೆತ ಅಜ್ಜಿಗೆ ನಾಳೆ ಯಾವ ಔಷಧಿ ಆ ಗೋಡೆ ದಾಟಿ ತಲುಪೀತು ಎಂಬುದು, ಇಂದು ಯಾರೋ ದುಃಖದ ನಡುವೆಯೂ ಕೊಡುವ ಒಪ್ಪಿಗೆಯನ್ನೂ ಅವಲಂಬಿಸಿದೆ. ಮನೆಮಂದಿಯೆಲ್ಲ ಕೂತಾಗ ಒಮ್ಮೆ ಈ ಮಾತನ್ನೂ ಆಡಿ ನೋಡಿ.