ಪಟ್ಟಿಯಲ್ಲಿ ಯಾರ ಹೆಸರು?

ಶಿವಾಜಿನಗರ ಎಂದೊಡನೆ ರಸೆಲ್ ಮಾರ್ಕೆಟ್ಟು, ಬೋರಿಂಗ್ ಆಸ್ಪತ್ರೆ, ಬಸ್ ನಿಲ್ದಾಣದ ನೂಕುನುಗ್ಗಲು ನೆನಪಾಗುತ್ತವೆ. ಬ್ಲ್ಯಾಕ್‌ಪಲ್ಲಿ ಎಂಬ ಹಳೆಯ ಹೆಸರು ಹೇಳುವವರೇ ಕಡಿಮೆ. ಈ ದಂಡು ಪ್ರದೇಶದ ಚರಿತ್ರೆಯಲ್ಲಿ ಪಠ್ಯಪುಸ್ತಕಕ್ಕೆ ಬಾರದ ಒಂದು ಪುಟವಿದೆ. ಎಂಟನೆಯ ತರಗತಿಯಲ್ಲಿ ಹೇಳುವಂಥದ್ದಲ್ಲ, ಸರಿ. ಆದರೆ ಹೆಣ್ಣುಮಕ್ಕಳ ತಾಯಂದಿರಿಗೆ ಗೊತ್ತಿರಬೇಕು.

1809ರಲ್ಲಿ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂತು. ಹಲಸೂರಿನ ಸುತ್ತ ಬ್ಯಾರಕ್ಕುಗಳು ಎದ್ದವು. ಗೋರಾ ಸಿಪಾಯಿಗಳಲ್ಲಿ ಹೆಂಡತಿಯನ್ನು ಜೊತೆಗಿಟ್ಟುಕೊಳ್ಳಲು ಅನುಮತಿ ಇದ್ದದ್ದು ಕೆಲವರಿಗೆ ಮಾತ್ರ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಸೈನ್ಯದಲ್ಲಿ ಗುಹ್ಯರೋಗ ಹರಡಿದಾಗ ಸರ್ಕಾರ ಕಂಡುಕೊಂಡ ದಾರಿ, ಹೆಂಗಸರ ಪಟ್ಟಿ ಮಾಡುವುದು! 1864ರ ಕಂಟೋನ್ಮೆಂಟ್ ಕಾಯ್ದೆಯ ಪ್ರಕಾರ ದಂಡಿನ ವೇಶ್ಯೆಯರ ಹೆಸರು ರಿಜಿಸ್ಟರಿಗೆ ಏರಬೇಕು, ಆಗಾಗ ಮೈ ತಪಾಸಣೆಯಾಗಬೇಕು, ರೋಗವಿದ್ದರೆ ಲಾಕ್ ಆಸ್ಪತ್ರೆಯಲ್ಲಿರಬೇಕು. ಬೆಂಗಳೂರಿನಲ್ಲೂ ಅಂಥದ್ದೊಂದು ಇತ್ತು. ಲಾಕ್ ಎಂಬುದು ಬೀಗದಿಂದ ಬಂದ ಮಾತಲ್ಲವಂತೆ, ಲಂಡನ್ನಿನ ಹಳೆಯ ಕುಷ್ಠರೋಗಾಲಯದ ಹೆಸರು. ಒಳಗಿದ್ದ ಹೆಂಗಸಿಗೆ ಮಾತ್ರ ಅದು ಬೀಗವೇ. ಸಿಪಾಯಿಯೂ ಕಾಯಿಲೆ ಬಿದ್ದು ಆಸ್ಪತ್ರೆ ಸೇರುತ್ತಿದ್ದ, ಗುಣವಾಗಿ ಬ್ಯಾರಕ್ಕಿಗೆ ಹೋಗುತ್ತಿದ್ದ. ಅವನ ಹೆಸರಿಗೆ ಇಂಥ ರಿಜಿಸ್ಟರು ಇರಲಿಲ್ಲ. 1868ರಲ್ಲಿ ಇಂಥದೇ ಇನ್ನೊಂದು ಕಾನೂನು ಊರುಗಳಿಗೂ ಬಂತು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮತ್ತು ಸಂಗಾತಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 1888ರಲ್ಲಿ ಅದು ರದ್ದಾಯಿತು.

ಪಟ್ಟಿಯ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗ, ಮಕ್ಕಳನ್ನು ಕದಿಯುತ್ತಾರೆಂಬ ಶಂಕೆಯ ಮೇಲೆಯೇ ಹಿಜಡಾಗಳ ಹೆಸರು, ವಾಸಸ್ಥಳ ಬರೆದಿಡಲು ಹೇಳಿತ್ತು. ಸ್ವತಂತ್ರ ಭಾರತದಲ್ಲಿ, ಅದೂ 2011ರಲ್ಲಿ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಹೆಚ್ಚುಕಡಿಮೆ ಅದೇ ಮಾತುಗಳು! ಕೋರ್ಟಿನ ತೀರ್ಪು ಬೇಡ, ಶಂಕೆ ಸಾಕು. ಸಮುದಾಯದವರು ಹೈಕೋರ್ಟಿಗೆ ಹೋದರು. 2016ರ ತಿದ್ದುಪಡಿಯಲ್ಲಿ ಆ ಪದ ಹೋಗಿ 'ವ್ಯಕ್ತಿಗಳು' ಎಂದಾಯಿತು.

ನಿಜವಾದ ಅಪರಾಧಿಗಳ ಪಟ್ಟಿ ಬಂದದ್ದು 2018ರ ಸೆಪ್ಟೆಂಬರ್ 20ರಂದು. ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರ ಆ ರಾಷ್ಟ್ರೀಯ ದಾಖಲೆಯಲ್ಲಿ ಆರಂಭಕ್ಕೇ 4.4 ಲಕ್ಷ ನಮೂದುಗಳಿದ್ದವು. ನೋಡುವ ಅಧಿಕಾರ ಪೊಲೀಸರಂಥ ಇಲಾಖೆಗಳಿಗೆ ಮಾತ್ರ. ಅಮೆರಿಕದಲ್ಲಿ ಹಾಗಲ್ಲ, 1996ರ ಮೇಗನ್ ಕಾನೂನಿನಿಂದ ನೆರೆಹೊರೆಗೂ ತಿಳಿಸುತ್ತಾರೆ. ಶಾಲೆಯ ಹತ್ತಿರ ಮನೆ ಮಾಡಬಾರದೆಂದು ಎಷ್ಟೋ ಕಡೆ ಕಟ್ಟಳೆಯುಂಟು. ಮಿಯಾಮಿಯಲ್ಲಿ 2,500 ಅಡಿಯ ಕಟ್ಟಳೆಯಿಂದ ಬಾಡಿಗೆಗೆ ಜಾಗವೇ ಸಿಗದೆ, ಅಂಥವರು ಕೆಲ ವರ್ಷ ಒಂದು ಸೇತುವೆಯ ಕೆಳಗೆ ಗುಡಾರ ಹಾಕಿಕೊಂಡಿದ್ದರು.

ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಹಾಗೆ ಅಡಿ ಅಳೆಯಹೊರಟರೆ, ಗಲ್ಲಿಗೊಂದು ಕಾನ್ವೆಂಟು ಇರುವಾಗ ಯಾವ ಬೀದಿ ಉಳಿದೀತು? ಅದೂ ಇರಲಿ. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಆರೋಪಿ ಹುಡುಗಿಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಗಳು ವರ್ಷ ವರ್ಷವೂ ಹೇಳುತ್ತವೆ. ಅವನು ಬಾಡಿಗೆಗೆ ಬಂದ ಅಪರಿಚಿತನಲ್ಲ. ಹಬ್ಬಕ್ಕೆ ನಾವೇ ಎಲೆ ಹಾಕಿ ಬಡಿಸಿದವನು.