ಹರಿಗೋಲು ಮತ್ತು ಗಳಿಗೆಬಟ್ಟಲು

ನಮ್ಮ ಆಸ್ಪರಿಯ ಮಕ್ಕಳಲ್ಲಿ ಅನೇಕರು ದೋಣಿಯನ್ನು ಕಂಡಿರುವುದು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ. ಮಳೆಯನ್ನೇ ನೆಚ್ಚಿದ ಈ ಎರೆನೆಲದಲ್ಲಿ ಅದಕ್ಕೆ ಎಡೆಯೆಲ್ಲಿ? ಗಡಿಯಾರವಾದರೋ ಹಾಗಲ್ಲ. ಗುಂತಕಲ್ಲಿನಿಂದ ಆದವಾನಿಯ ಕಡೆಗೆ ಸಾಗುವ ರೈಲುದಾರಿಯು ನಮ್ಮೂರ ಮೇಲೆಯೇ ಹಾದಿರುವುದರಿಂದ ನಿಮಿಷದ ಬೆಲೆಯನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ದೋಣಿಗೂ ಗಡಿಯಾರಕ್ಕೂ ಬಹು ಹಳೆಯ ನಂಟುಂಟು. ಆ ನಂಟನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ದೋಣಿಯ ಮಾತು. ನಮಗೆ ಪಶ್ಚಿಮದಲ್ಲಿರುವ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ಜನರು ಹರಿಗೋಲಿನಲ್ಲಿ ದಾಟುತ್ತಿದ್ದುದನ್ನು, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಾದ, ಹೊರಗೆ ಚರ್ಮ ಹೊದಿಸಿದ ಆ ದೋಣಿಯು ಹದಿನೈದಿಪ್ಪತ್ತು ಜನರನ್ನು ಹೊತ್ತು, ನೇರವಾಗಿ ಸಾಗದೆ ಗಿರಗಿರನೆ ತಿರುಗುತ್ತ ಹೋಗುವುದೆಂದು ಅವನು ವರ್ಣಿಸಿದ್ದಾನೆ. ಹರಿಗೋಲಿನ ಆಯುಸ್ಸು ಅದರ ಆರೈಕೆಯಲ್ಲಿದೆ. ಚರ್ಮವು ಸದಾ ನೆನೆದಿದ್ದರೆ ಕೊಳೆಯುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಅದನ್ನು ದಡಕ್ಕೆಳೆದು, ಬೋರಲು ಹಾಕಿ, ಒಣಗಿಸಬೇಕು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವುದುಂಟು. ಹೊದಿಕೆ ಬದಲಾದರೂ ನೇಮವೊಂದೇ: ತೂತು ಚಿಕ್ಕದಿರುವಾಗಲೇ ಅದನ್ನು ಕಂಡು ಮುಚ್ಚಬೇಕು.

ಇನ್ನು ಗಡಿಯಾರದ ಮಾತು. ನಮ್ಮ ಹಿರಿಯರ ಗಡಿಯಾರವೂ ಒಂದು ಪುಟ್ಟ ದೋಣಿಯೇ! ತಾಮ್ರದ ತೆಳು ಬಟ್ಟಲಿನ ತಳದಲ್ಲಿ ಸಣ್ಣ ರಂಧ್ರವನ್ನು ಕೊರೆದು ನೀರಿನ ಮೇಲೆ ತೇಲಬಿಟ್ಟರೆ, ಅದು ಮೆಲ್ಲಮೆಲ್ಲನೆ ತುಂಬಿ ಮುಳುಗುವುದು. ಹಾಗೆ ಮುಳುಗುವ ಹೊತ್ತೇ ಒಂದು ಗಳಿಗೆ, ಅಂದರೆ 24 ನಿಮಿಷ. ಹಗಲಿರುಳು ಸೇರಿ 60 ಗಳಿಗೆ. ಹರಿಗೋಲಿನಲ್ಲಿ ತೂತು ಕೇಡು. ಗಳಿಗೆಬಟ್ಟಲಿನಲ್ಲಿ ತೂತೇ ಪ್ರಾಣ. ಆದರೆ ಅದು ತಕ್ಕ ಅಳತೆಯಲ್ಲಿರಬೇಕು. ಕಸ ಸಿಕ್ಕಿದರೆ ಕಾಲ ನಿಧಾನವಾಗುತ್ತದೆ, ತೂತು ಸವೆದು ಹಿಗ್ಗಿದರೆ ಕಾಲ ಓಡುತ್ತದೆ. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಒಡವೆಯಿಂದ ಮುತ್ತೊಂದು ಉದುರಿ, ಬಟ್ಟಲಿನ ರಂಧ್ರವನ್ನು ಮುಚ್ಚಿ, ಮದುವೆಯ ಮುಹೂರ್ತವೇ ಮೀರಿಹೋಯಿತೆಂಬ ಕಥೆಯನ್ನು ಮಕ್ಕಳು ಕೇಳಿರಬಹುದು. ಫೈಜಿಯು 1587ರಲ್ಲಿ ಮಾಡಿದ ‘ಲೀಲಾವತಿ’ಯ ಪಾರಸಿ ಭಾಷಾಂತರದಲ್ಲಿ ಬರುವ ಈ ಕಥೆಯು ಇತಿಹಾಸವಲ್ಲ. ಆದರೂ ಉಪಕರಣವನ್ನಿಟ್ಟವರು ಅದರ ಮೇಲೆ ಕಣ್ಣಿಡಬೇಕೆಂಬ ನೀತಿ ಅದರಲ್ಲಿದೆ.

ನದಿಯನ್ನು ಬಿಟ್ಟು ಕಡಲಿಗಿಳಿದಾಗ ದೋಣಿಗೂ ಕಾಲಕ್ಕೂ ಇರುವ ನಂಟು ಜೀವನ್ಮರಣದ ಪ್ರಶ್ನೆಯಾಯಿತು. ದಡ ಕಾಣದ ಕಡಲಿನಲ್ಲಿ ಹಡಗು ಎಷ್ಟು ಪೂರ್ವಕ್ಕಿದೆ, ಎಷ್ಟು ಪಶ್ಚಿಮಕ್ಕಿದೆ ಎಂದು ತಿಳಿಯಲು ಹೊರಟ ಊರಿನ ಕಾಲವು ಗೊತ್ತಿರಬೇಕು. ಗಡಿಯಾರ 4 ಸೆಕೆಂಡು ತಪ್ಪಿದರೆ, ಭೂಮಧ್ಯರೇಖೆಯ ಬಳಿ ಲೆಕ್ಕವು ಒಂದು ನಾವಿಕ ಮೈಲಿಯಷ್ಟು ತಪ್ಪುತ್ತದೆ. ಇಂಗ್ಲೆಂಡಿನ ಪಾರ್ಲಿಮೆಂಟು 1714ರಲ್ಲಿ ಈ ಸಮಸ್ಯೆಗೆ 20,000 ಪೌಂಡುಗಳ ಬಹುಮಾನವನ್ನು ಸಾರಿತು. ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ಜೀವಮಾನವೆಲ್ಲ ದುಡಿದು ಮಾಡಿದ ನಾಲ್ಕನೆಯ ಗಡಿಯಾರವು, 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನ ಮೇಲೆ 81 ದಿನಗಳಲ್ಲಿ ತಪ್ಪಿದ್ದು ಕೇವಲ 5 ಸೆಕೆಂಡು.

ಇದೇ ವಿದ್ಯೆ ನಮ್ಮೂರಿಗೂ ಬಂದಿತು. 1802ರಲ್ಲಿ ಮದರಾಸಿನ ವೀಕ್ಷಣಾಲಯದ ಖಗೋಳಜ್ಞ ಗೋಲ್ಡಿಂಗ್‌ಹ್ಯಾಮನು ಆ ಊರಿನ ಕಾಲವನ್ನು ನಿಷ್ಕರ್ಷಿಸಿದನು. 1871ರಲ್ಲಿ ಮದರಾಸಿನ ರೈಲುದಾರಿಯು ರಾಯಚೂರಿನಲ್ಲಿ ಮುಂಬಯಿಯ ದಾರಿಯನ್ನು ಕೂಡಿತು. ಆ ದಿನಗಳಲ್ಲಿ ರೈಲುಗಳು ನಡೆಯುತ್ತಿದ್ದುದು ಮದರಾಸಿನ ಕಾಲಕ್ಕೆ. ಅಲ್ಲಿ ಸೂರ್ಯ ನೆತ್ತಿಗೇರಿ ಸುಮಾರು 11 ನಿಮಿಷ ಕಳೆದ ಮೇಲೆಯೇ ಆಸ್ಪರಿಯಲ್ಲಿ ಸೂರ್ಯ ನೆತ್ತಿಗೇರುವನು. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಕಾಲವೆಂದಾಯಿತು. ಅದು ಮದರಾಸಿನ ಕಾಲಕ್ಕಿಂತ ಸುಮಾರು 9 ನಿಮಿಷ ಮುಂದೆ.

ಇಂದು ಗೋಡೆಯ ಗಡಿಯಾರದೊಳಗೆ ಸ್ಫಟಿಕದ ಚಿಕ್ಕ ಚೂರೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎಲೆಕ್ಟ್ರಾನಿಕ್ ಮಂಡಲವು ಆ ಸಂಖ್ಯೆಯನ್ನು 15 ಸಲ ಅರ್ಧಿಸಿದಾಗ ಉಳಿಯುವುದು ಒಂದು. ಅದೇ ಒಂದು ಸೆಕೆಂಡು. ಮಕ್ಕಳು ಹಲಗೆಯ ಮೇಲೆ ಲೆಕ್ಕ ಮಾಡಿ ನೋಡಲಿ. ಈ ಗಡಿಯಾರಕ್ಕೂ ಸೋರಿಕೆಯ ಭಯ ತಪ್ಪಿದ್ದಲ್ಲ; ತೀರಿದ ಸೆಲ್ಲನ್ನು ಒಳಗೇ ಬಿಟ್ಟರೆ ಅದರ ರಸವು ಸೋರಿ ಲೋಹವನ್ನು ತಿನ್ನುವುದು.

ದೋಣಿಯೂ ಗಡಿಯಾರವೂ ಈಗ ಆಕಾಶದಲ್ಲಿ ಒಂದಾಗಿವೆ. ಭಾರತದ ದಾರಿತೋರುವ ಉಪಗ್ರಹಗಳ ವ್ಯವಸ್ಥೆಗೆ 2016ರಲ್ಲಿ ಇಟ್ಟ ಹೆಸರೇ ‘ನಾವಿಕ್’. ನಾವಿಕನೆಂದರೆ ದೋಣಿ ನಡೆಸುವವನಲ್ಲವೇ? ಇದರ ಕಾಲವನ್ನು ಕಾಯುವ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಉಪಗ್ರಹದ ಸಂಕೇತವು ಬೆಳಕಿನ ವೇಗದಲ್ಲಿ ಬರುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದ ಲೆಕ್ಕ 300 ಮೀಟರು ತಪ್ಪುತ್ತದೆ. ಆದುದರಿಂದಲೇ ಅಲ್ಲಿ ಪರಮಾಣು ಗಡಿಯಾರಗಳು ಬೇಕು. ಇಂಥ ಉಪಗ್ರಹಗಳ ಸಂಕೇತದಿಂದ ಸೆಕೆಂಡಿಗೊಂದು ಮಿಡಿತವನ್ನು ಪಡೆದು, ಮನೆಯಲ್ಲಿಯೇ ನಿಖರವಾದ ಗಡಿಯಾರವನ್ನು ಜೋಡಿಸುವ ಹವ್ಯಾಸಿಗಳೂ ಇದ್ದಾರೆ.

ಈ ಮಾಲೆಯ ಮೊದಲ ಉಪಗ್ರಹವು 2013ರ ಜುಲೈ 1ರಂದು ಮೇಲೇರಿತು. ಕೆಲವೇ ವರ್ಷಗಳಲ್ಲಿ, ಹೊರದೇಶದಿಂದ ತರಿಸಿ ಅದರಲ್ಲಿಟ್ಟಿದ್ದ ಮೂರು ರುಬಿಡಿಯಂ ಗಡಿಯಾರಗಳೂ ಕೆಟ್ಟವು. ಉಪಗ್ರಹವು ಆಕಾಶದಲ್ಲಿಯೇ ಇದ್ದಿತು, ಆದರೆ ದಾರಿ ತೋರಲಾರದಾಯಿತು. ಹರಿಗೋಲಿನಂತೆ ಅದನ್ನು ದಡಕ್ಕೆಳೆದು ತೇಪೆ ಹಾಕುವುದು ಸಾಧ್ಯವೇ? ಉಳಿದ ದಾರಿಯೊಂದೇ, ಆ ಗಡಿಯಾರವನ್ನು ನಾವೇ ಮಾಡಲು ಕಲಿಯುವುದು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವಿತ್ತು.

ಕೊಂಡ ವಸ್ತು ಕೈಗೆ ಬರುವುದು ಸುಲಭ. ಅದನ್ನು ಕಾಪಾಡುವ ಮತ್ತು ಮಾಡುವ ವಿದ್ಯೆಯು ದುಡಿಮೆಯಿಂದಲೇ ಬರಬೇಕು. ಈ ಪಾಠ ನಮ್ಮ ಶಾಲೆಯ ಅಂಗಳದಲ್ಲಿಯೇ ಮೊದಲಾಗಲಿ. ತೆಳು ಬಟ್ಟಲಿಗೆ ಸೂಜಿಯ ಮೊನೆಯಷ್ಟು ತೂತು ಮಾಡಿ, ಬಕೆಟ್ಟಿನ ನೀರಿನಲ್ಲಿ ತೇಲಿಸಿ, ಅದು ಮುಳುಗುವ ಹೊತ್ತನ್ನು ಹತ್ತು ಸಲ ಅಳೆಯೋಣ. ನೆಟ್ಟಗೆ ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ಕ್ಷಣವನ್ನು ಗುರುತಿಸೋಣ. ಗಡಿಯಾರವು ಆಗ 12 ಗಂಟೆಯನ್ನಲ್ಲ, ಸುಮಾರು 12 ಗಂಟೆ 20 ನಿಮಿಷವನ್ನು ತೋರುವುದು; ಋತುವಿಗನುಸಾರವಾಗಿ ಅದು ಕಾಲು ಗಂಟೆಯಷ್ಟು ಹಿಂದುಮುಂದಾಗುವುದೂ ಉಂಟು. ಏಕೆ ಹೀಗೆ ಎಂದು ಮಕ್ಕಳು ಕೇಳುವರು. ಅವರು ಕೇಳಿದ ದಿನ ನಮ್ಮ ಪಾಠ ಸಾರ್ಥಕ.