ಹಟ್ಟಿಯ ಚಿನ್ನದ ಗಣಿಯೂ ಸುವರ್ಣಗಿರಿಯ ವಿಚಾರವೂ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯು ಚಿನ್ನದ ಗಣಿಯ ಊರೆಂದು ಪ್ರಸಿದ್ಧವಾಗಿದೆ. ಕನ್ನಡದಲ್ಲಿ ಹಟ್ಟಿಯೆಂದರೆ ದನಕುರಿಗಳ ದೊಡ್ಡಿ, ಇಲ್ಲವೆ ಅವುಗಳನ್ನು ಕಾಯುವವರ ಕೇರಿ. ಹೆಸರಿನಲ್ಲಿ ಚಿನ್ನದ ಸೋಂಕು ಎಳ್ಳಷ್ಟೂ ಇಲ್ಲ. ನಮ್ಮ ಕಲಬುರಗಿಯ ನೆಹರು ಗಂಜಿನ ತೊಗರಿಯ ಅಡತ್ ಅಂಗಡಿಗಳಲ್ಲಿ ಹಟ್ಟಿಯ ಮಾತೆತ್ತಿದರೆ ಜನರಿಗೆ ಹೊಳೆಯುವುದು ಕಂಪನಿಯ ನೌಕರಿಯೇ ಹೊರತು ಇತಿಹಾಸವಲ್ಲ. ವಿದ್ವಾಂಸರಾದರೂ ಶಾಸನವಿಲ್ಲದ ಊರೆಂದು ಅದನ್ನು ಬದಿಗಿರಿಸಿದಂತೆ ತೋರುತ್ತದೆ. ಇದು ಸರಿಯಲ್ಲವೆಂಬುದೇ ನನ್ನ ವಾದ.

ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕಶಾಸನಗಳು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿದ ಆಜ್ಞೆಯೊಡನೆ ಆರಂಭವಾಗುತ್ತವೆ. ಈ ಸುವರ್ಣಗಿರಿಯು ಯಾವುದು? ಕನಕಗಿರಿಯೆಂದು ಕೆಲವರು, ಮಸ್ಕಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರು ಹೇಳಿದ್ದಾರೆ. ಕನಕವೆಂದರೂ ಸುವರ್ಣವೇ, ಆದುದರಿಂದ ಕನಕಗಿರಿಯೇ ಸುವರ್ಣಗಿರಿಯೆಂಬ ತರ್ಕವು ಕಿವಿಗೆ ಇಂಪಾಗಿದೆ. ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ನನ್ನಂಥವನಿಗೆ ಪರ್ಯಾಯಪದಗಳ ಈ ದಾರಿ ಬಹು ಸುಲಭ. ಸುಲಭವಾದುದರಿಂದಲೇ ನನಗೆ ಅದರಲ್ಲಿ ನಂಬಿಕೆ ಸಾಲದು. ಊರಿನ ಹೆಸರನ್ನು ಯಾವ ಕಾಲದವರಾದರೂ ಸಂಸ್ಕೃತಕ್ಕೆ ತಿರುಗಿಸಬಲ್ಲರು. ಅಗೆದ ಬಂಡೆಯನ್ನು ಹಾಗೆ ತಿರುಗಿಸಲಾಗದು.

ಇಲ್ಲಿ ಮಸ್ಕಿಯ ಪ್ರಸಂಗವನ್ನು ನೆನೆಯಬೇಕು. 1915ರಲ್ಲಿ ಅಲ್ಲಿಯ ಶಾಸನವನ್ನು ಕಂಡುಹಿಡಿದವರು ಪಂಡಿತರಲ್ಲ. ಚಿನ್ನದ ಜಾಡನ್ನು ಅರಸುತ್ತಿದ್ದ ಗಣಿ ಇಂಜಿನಿಯರು ಸಿ. ಬೀಡನ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರು ಮೊತ್ತಮೊದಲು ದೊರೆತುದು ಆ ಬಂಡೆಯಲ್ಲಿ. ಗುಜರ್ರಾ, ನಿಟ್ಟೂರು, ಉಡೇಗೋಳಗಳ ಶಾಸನಗಳು ಆಮೇಲೆ ಬೆಳಕಿಗೆ ಬಂದವು. ಚಿನ್ನವನ್ನು ಹುಡುಕಿದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಆ ಚಿನ್ನವನ್ನು ಅಗೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಆದರೂ ಅವರ ಕೆಲಸವು ಹಟ್ಟಿಯಲ್ಲಿ ಉಳಿದಿದೆ. ಪ್ರಾಚೀನರ ಅಗೆತವು ಅಲ್ಲಿ 640 ಅಡಿಗಳವರೆಗೆ ಇಳಿದಿತ್ತೆಂದು ಆಧುನಿಕ ಗಣಿಗಾರರು ಕಂಡರು. ಸಿಡಿಮದ್ದು ಇಲ್ಲದ ಕಾಲದಲ್ಲಿ ಅವರು ಬಂಡೆಗೆ ಕಟ್ಟಿಗೆಯನ್ನೊಡ್ಡಿ ಉರಿಸಿ, ಕಾದ ಕಲ್ಲಿನ ಮೇಲೆ ನೀರೆರಚಿ ಬಿರಿಯಿಸಿ, ಆ ಬಿರುಕುಗಳಲ್ಲಿ ಉಳಿಯಿಟ್ಟು ಒಡೆಯುತ್ತಿದ್ದರು. ಒಡೆದ ಬೆಣಚುಕಲ್ಲನ್ನು ಮೇಲೆ ತಂದು ಬಂಡೆಗಳ ಮೇಲೆ ಕುಟ್ಟಿ ಅರೆದು, ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಅರೆದರೆದು ಸವೆದ ಒರಳುಗುಳಿಗಳೇ ಇದಕ್ಕೆ ಸಾಕ್ಷಿ. ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ! ಹೊಗೆಯು ಹೋಗದೆ, ಒಸರುವ ನೀರನ್ನು ಹೊರಗೆ ಹಾಕದೆ ಅಷ್ಟು ಆಳದಲ್ಲಿ ಒಂದು ದಿನವೂ ಕೆಲಸ ಸಾಗದು. ಕಾಡು ಕಡಿದವರೆಷ್ಟು, ನೀರೆತ್ತಿದವರೆಷ್ಟು, ಅರೆಯುವ ಕಲ್ಲಿನ ಮುಂದೆ ಕುಳಿತವರೆಷ್ಟು ಎಂಬುದನ್ನು ಓದುಗರೇ ಊಹಿಸಲಿ.

ಹಳೆಯ ಗಣಿಯೊಳಗೆ ದೊರೆತ ಕಟ್ಟಿಗೆಯನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಅದು ಹೆಚ್ಚುಕಡಿಮೆ ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ತಿಳಿದುಬಂದಿತು. ಇದು ಶಾತವಾಹನರ ಕಾಲ, ಮೌರ್ಯರದಲ್ಲ. ಈ ಅಂತರವನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಗಣಿಯನ್ನು ಯಾರೂ ಬುಡದಿಂದ ಅಗೆಯುವುದಿಲ್ಲ. ಆಳದ ಕಟ್ಟಿಗೆಗಿಂತ ಮೇಲಿನ ಅಗೆತವು ಹಳೆಯದಾಗಿರಲೇಬೇಕು. ಪಾಟಲಿಪುತ್ರದ ಕಡೆಯವರಿಗೆ ದಕ್ಷಿಣದ ಚಿನ್ನದ ಅರಿವಿತ್ತೆಂಬುದಕ್ಕೆ ಕೌಟಲ್ಯನ ಅರ್ಥಶಾಸ್ತ್ರವೂ ಆಧಾರವಾಗಿದೆ: ಶಂಖ, ವಜ್ರ, ಮಣಿ, ಮುತ್ತು, ಸುವರ್ಣಗಳು ಹೇರಳವಾಗಿರುವುದರಿಂದ ದಕ್ಷಿಣಾಪಥದ ಮಾರ್ಗವೇ ಮೇಲೆಂದು ಅವನು ತನ್ನ ಆಚಾರ್ಯನ ಮತವನ್ನೇ ಖಂಡಿಸುತ್ತಾನೆ. ಸುವರ್ಣಗಿರಿಯನ್ನು ಹುಡುಕುವವರು ಹೆಸರಿನ ಬೆಟ್ಟಗಳಿಗಿಂತ ಮಸ್ಕಿ ಹಟ್ಟಿಗಳ ಈ ಗಣಿಸೀಮೆಯನ್ನು ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ.

ನಿಜಾಮರ ಆಳ್ವಿಕೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳು ಆಂಗ್ಲ ಕಂಪನಿಯು ಇಲ್ಲಿ ಕೆಲಸ ನಡೆಸಿ ನಿಲ್ಲಿಸಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯು ಸ್ಥಾಪಿತವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಣಿಯು ಮೈಸೂರು ರಾಜ್ಯಕ್ಕೆ ಸೇರಿ, ಕಂಪನಿಗೆ ಹಟ್ಟಿಯ ಹೆಸರೇ ಬಂದಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಇದರ ಭಾರವು ಹೆಚ್ಚಿತು. ಊರಿನ ಬಾಳು ಪಾಳಿಗಳ ಮೇಲೆ ನಡೆಯುತ್ತದೆ. ಕಾರ್ಮಿಕ ಸಂಘದ ಚುನಾವಣೆ ಬಂದರೆ ಊರಿಗೆ ಊರೇ ಅದರಲ್ಲಿ ಮುಳುಗುವುದು. ಗಣಿಬಾವಿಗಳಲ್ಲೊಂದಕ್ಕೆ ಮಲ್ಲಪ್ಪ ಶಾಫ್ಟ್ ಎಂದು ಹೆಸರು. ಎರಡು ಸಾವಿರ ವರ್ಷ ಅಗೆದ ನೆಲದಲ್ಲಿ ಕಡೆಗೆ ಒಬ್ಬ ಮಲ್ಲಪ್ಪನ ಹೆಸರಾದರೂ ನಿಂತಿತಲ್ಲಾ ಎಂದು ಸಂತೋಷವಾಯಿತು.

ಮಸ್ಕಿಯ ಶಾಸನಕ್ಕೆ ಸರಕಾರದ ರಕ್ಷಣೆಯಿದೆ. ಹಟ್ಟಿಯ ಸುತ್ತಲಿನ ಒರಳುಗುಳಿಗಳು ಎಲ್ಲಿವೆ, ಎಷ್ಟಿವೆ, ಎಷ್ಟು ಆಳ ಸವೆದಿವೆ ಎಂಬುದನ್ನು ಊರ ಹಿರಿಯರನ್ನು ಜೊತೆಗೆ ಕರೆದುಕೊಂಡು ಒಂದೊಂದಾಗಿ ಅಳೆದು ನಕ್ಷೆ ಬರೆಯುವ ಕೆಲಸವನ್ನು ನಮ್ಮ ಭಾಗದ ತರುಣ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಹೊಸ ಕಟ್ಟಡಗಳಿಗೆ ಕಲ್ಲು ಬೇಕಾದಾಗ ಯಾವ ಬಂಡೆಯೂ ಬಹುಕಾಲ ಉಳಿಯದು.